ಮರದ ಗಾಣದಂಗಡಿ: ಮರ ನೋಡಿ ಮರುಳಾಗಬೇಡಿ, ಬೀಜ ನೋಡಿ

ಈಗ ಬಡಾವಣೆಗೊಂದು ಗಾಣದಂಗಡಿ. ಗಾಜಿನ ಬಾಗಿಲು, ಒಳಗೆ ಮೋಟಾರಿಗೆ ಕಟ್ಟಿದ ಮರದ ಗಾಣ, ಗೋಡೆಯ ಮೇಲೆ ಎತ್ತು ಸುತ್ತುತ್ತಿರುವ ಹಳೇ ಗಾಣದ ಚಿತ್ರ, ಕಪಾಟಿನ ತುಂಬ ಕಡಲೆಕಾಯಿ, ಕೊಬ್ಬರಿ, ಎಳ್ಳು, ಕುಸುಬೆ, ಹುಚ್ಚೆಳ್ಳು ಎಣ್ಣೆಯ ಬಾಟಲಿಗಳು. ಮೆಟ್ಟಿಲು ಹತ್ತುವ ಮೊದಲೇ ಹಸಿ ಕಡಲೆಬೀಜದ ಘಮ ಬರುತ್ತದೆ. ಬೆಲೆ ಕೇಳಿದರೆ ಪ್ಯಾಕೆಟ್ ಎಣ್ಣೆಯ ಒಂದೂವರೆಯಿಂದ ಎರಡು ಪಟ್ಟು. ಇಷ್ಟು ಕೊಟ್ಟು ತರಬೇಕೇ ಅನ್ನುವುದು ತಿಂಗಳ ಸಾಮಾನಿನ ಚೀಟಿ ಬರೆಯುವವರ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡೋಣ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ತರಬಹುದು, ಬೀಜ ಚೆನ್ನಾಗಿದ್ದರೆ ಮಾತ್ರ. ಕೊಬ್ಬರಿ ಎಣ್ಣೆ ತರುವ ಮುಂಚೆ ಕೊಬ್ಬರಿ ನೋಡಬೇಕು. ಕುಸುಬೆ ಎಣ್ಣೆ ಅರ್ಧರ್ಧ ಲೀಟರ್ ಸಾಕು. ಸೂರ್ಯಕಾಂತಿಯನ್ನು ಗಾಣದಲ್ಲಿ ಕೊಳ್ಳುವ ಅಗತ್ಯವೇ ಇಲ್ಲ. ‘ಬಾಗೆ ಮರದ ಗಾಣ’, ‘ಹುಣಸೆ ಮರದ ಗಾಣ’ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಾರಲ್ಲ, ಆ ಮರಕ್ಕೂ ಎಣ್ಣೆಯ ಗುಣಕ್ಕೂ ಇರುವ ನಂಟು ತೀರಾ ಕಡಿಮೆ. ಗಾಣ ಇದ್ದದ್ದನ್ನು ಹಿಂಡಿ ಕೊಡುತ್ತದೆ, ಅಷ್ಟೇ. ಮುಗ್ಗಲು ಬೀಜ ಹಾಕಿದರೆ ಮುಗ್ಗಲು ಎಣ್ಣೆ.

ಗಾಣದ ಕೆಲಸ ನಿಂತು ನೋಡಲು ಚೆಂದ. ಒರಳಿನಂಥ ಮರದ ಗುಂಡಿ, ಅದರೊಳಗೆ ಓರೆಯಾಗಿ ಒತ್ತಿಕೊಂಡು ತಿರುಗುವ ಮರದ ಕಂಬ. ಮೂರರಿಂದ ಐದು ಎಚ್‌ಪಿ ಮೋಟಾರು ಗೇರ್ ಪೆಟ್ಟಿಗೆಯ ಮೂಲಕ ಅದನ್ನು ನಿಮಿಷಕ್ಕೆ ಹತ್ತು ಹದಿನೈದು ಸುತ್ತಷ್ಟೇ ತಿರುಗಿಸುತ್ತದೆ. ಒಂದು ಸಲಕ್ಕೆ 10ರಿಂದ 20 ಕಿಲೋ ಬೀಜ ಹಿಡಿಯುತ್ತದೆ. ಮೊದಲ ಕಾಲು ಗಂಟೆ ಬೀಜ ಪುಡಿಯಾಗುತ್ತದೆ, ಎಣ್ಣೆಯ ಸುಳಿವಿಲ್ಲ. ಆಮೇಲೆ ಆಡಿಸುವವರು ಚೊಂಬಿನಿಂದ ತುಸು ನೀರು ಚಿಮುಕಿಸುತ್ತಾರೆ. ಪುಡಿ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿ ಗುಂಡಿಯ ಗೋಡೆಗೆ ಅಂಟಿಕೊಳ್ಳುತ್ತದೆ, ನಡುವೆ ಎಣ್ಣೆ ಬಿಡತೊಡಗುತ್ತದೆ. ಒಂದು ಗಾಣಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಬಂದ ಎಣ್ಣೆ ಮುಟ್ಟಿದರೆ ಉಗುರು ಬೆಚ್ಚಗಿರುತ್ತದೆ, 40-45 ಡಿಗ್ರಿಯ ಆಸುಪಾಸು. ಕಬ್ಬಿಣದ ಸ್ಕ್ರೂ ಇರುವ ಎಕ್ಸ್‌ಪೆಲ್ಲರಿನಲ್ಲಿ ಒತ್ತಡ ಹೆಚ್ಚು, ಬೀಜ ಅದರೊಳಗೆ ಕೈ ಸುಡುವಷ್ಟು ಕಾಯುತ್ತದೆ, ಹಿಂಡಿಯಲ್ಲಿ ಎಣ್ಣೆ ಉಳಿಯುವುದು ನೂರಕ್ಕೆ ಆರೇಳು ಪಾಲು. ಮರದ ಗಾಣದ ಹಿಂಡಿಯಲ್ಲಿ ಹತ್ತು ಹನ್ನೆರಡು ಪಾಲು ಉಳಿದುಬಿಡುತ್ತದೆ. ಗಾಣದೆಣ್ಣೆ ದುಬಾರಿಯಾಗಲು ಮೊದಲ ಕಾರಣ ಇದು. ಎರಡನೆಯದು ಈ ನಿಧಾನ.

ಇನ್ನು ಬೀಜ. ಕಡಲೆಕಾಯಿ ಕಿತ್ತ ಮೇಲೆ ಸರಿಯಾಗಿ ಒಣಗದಿದ್ದರೆ, ಕುಯಿಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ, ಅಥವಾ ಗೋದಾಮಿನಲ್ಲಿ ಚೀಲ ತೇವ ಎಳೆದುಕೊಂಡರೆ ಬೀಜಕ್ಕೆ ಹಸಿರು-ಹಳದಿ ಬೂಷ್ಟು ಹತ್ತುತ್ತದೆ. ಆ ಶಿಲೀಂಧ್ರ ಬಿಡುವ ವಿಷದ ಹೆಸರು ಅಫ್ಲಟಾಕ್ಸಿನ್. ಇದು ಯಕೃತ್ತಿಗೆ ಕೆಟ್ಟದ್ದು, ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುತ್ತದೆ. ಒಗ್ಗರಣೆಯ ಕಾವಿಗೆ, ಬೋಂಡ ಕರಿಯುವ ಕಾವಿಗೆ ಇದು ಪೂರ್ತಿ ಸಾಯುವುದಿಲ್ಲ. ರಿಫೈನರಿಯಲ್ಲಿ ಎಣ್ಣೆಗೆ ಕ್ಷಾರ ಹಾಕಿ ತೊಳೆದು, ಜೇಡಿಮಣ್ಣಿನಲ್ಲಿ ಸೋಸುವಾಗ ಹೆಚ್ಚುಕಡಿಮೆ ಹೊರಟುಹೋಗುತ್ತದೆ. ಗಾಣದೆಣ್ಣೆಗೆ ಆ ತೊಳೆತ ಇಲ್ಲ. ‘ಏನನ್ನೂ ತೆಗೆದಿಲ್ಲ, ಏನನ್ನೂ ಸೇರಿಸಿಲ್ಲ’ ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳುತ್ತಾರೆ. ನಿಜ. ಏನನ್ನೂ ತೆಗೆದಿಲ್ಲ ಎಂದರೆ ತೆಗೆಯಬೇಕಾದದ್ದನ್ನೂ ತೆಗೆದಿಲ್ಲ ಎಂದೇ ಅರ್ಥ. ಹಾಗಾಗಿ ಶುದ್ಧಿಯೆಲ್ಲ ಗಾಣಕ್ಕೆ ಹಾಕುವ ಮುಂಚೆಯೇ, ಮೊರದಲ್ಲೇ ಆಗಬೇಕು.

ವಿಷದ ದೊಡ್ಡ ಪಾಲು ಎಣ್ಣೆಗೆ ಬಾರದೆ ಹಿಂಡಿಯಲ್ಲೇ ಉಳಿಯುತ್ತದೆ ಎನ್ನುವುದು ಸಮಾಧಾನವಲ್ಲ. ಹಿಂಡಿ ಹೋಗುವುದು ಹಸುವಿನ ಬಾನಿಗೆ. ಅಲ್ಲಿಂದ ಅದೇ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ‘ಕೆಟ್ಟ ಬೀಜ ಇದ್ದರೆ ಇರಲಿ, ಹಿಂಡಿ ಹಸುವಿಗೆ ತಾನೇ’ ಎನ್ನುವ ಮಾತು ತಿರುಗಿ ಮಕ್ಕಳ ಲೋಟಕ್ಕೇ ಬರುತ್ತದೆ.

ಅಂಗಡಿಗೆ ಹೋದಾಗ ಬಾಟಲಿ ಎತ್ತುವ ಮೊದಲು ಕೇಳಬೇಕಾದ್ದು ಒಂದೇ: “ಅಣ್ಣಾ, ಇವತ್ತು ಗಾಣಕ್ಕೆ ಹಾಕ್ತಿರೋ ಬೀಜ ಒಂದು ಹಿಡಿ ತೋರಿಸಿ.” ಒಳ್ಳೆಯ ಅಂಗಡಿಯವರು ಚೀಲದ ಬಾಯಿ ಬಿಚ್ಚಿ ತೋರಿಸುತ್ತಾರೆ. ‘ಬೀಜ ಗೋಡೌನಲ್ಲಿದೆ’ ಎಂದರೆ ಬೇರೆ ಅಂಗಡಿ ನೋಡಿಕೊಳ್ಳಿ. ತೋರಿಸಿದ ಹಿಡಿಯನ್ನು ಬಿಳಿ ಕಾಗದದ ಮೇಲೆ ಹರಡಿ. ಸುಕ್ಕಿದವು, ಕಪ್ಪಾದವು, ಸಿಪ್ಪೆಯ ಮೇಲೆ ಬೂದು ಪುಡಿ ಕಟ್ಟಿದವು, ಹುಳು ತೂತು ಕೊರೆದವು, ಮೊಳಕೆ ಕಣ್ಣು ಬಿಟ್ಟವು ಬೇರೆ ಮಾಡಿ. ಐದಾರು ಬೀಜ ಎರಡು ಹೋಳು ಮಾಡಿ ನೋಡಿ. ಮೇಲೆ ಕೆಂಪಗೆ ಹೊಳೆಯುವ ಬೀಜದ ಒಳಮೈ ಹಳದಿಗಟ್ಟಿರುವುದು, ನಡುವಿನ ಸೀಳಿನಲ್ಲಿ ಬೂಷ್ಟು ಕೂತಿರುವುದು ಅಪರೂಪವೇನಲ್ಲ. ಕೊನೆಗೆ ಒಂದನ್ನು ಬಾಯಿಗೆ ಹಾಕಿ. ಕಹಿ ಬಂದರೆ ಉಗುಳಿ, ಬಾಯಿ ಮುಕ್ಕಳಿಸಿ, ವಾಪಸು ನಡೆಯಿರಿ. ಹಿಡಿಯಲ್ಲಿ ನೂರು ಬೀಜ ಇದ್ದರೆ ಒಂದೆರಡು ಸುಕ್ಕಿದವು ಸಿಗುವುದು ಸಹಜ. ಎಂಟು ಹತ್ತು ಸಿಕ್ಕರೆ ಅದು ಮಂಡಿಯಲ್ಲಿ ಜರಡಿ ಹಿಡಿದು ಉಳಿದ ಎರಡನೇ ದರ್ಜೆ ಮಾಲು. ಎಣ್ಣೆಗೆ ಅದೇ ಸಾಕು ಎಂದು ಅಗ್ಗಕ್ಕೆ ತರುವವರಿದ್ದಾರೆ.

ಬಣ್ಣ ನೋಡಿ ಕೆಟ್ಟ ಬೀಜ ಬೇರೆ ಮಾಡುವ ಸೋರ್ಟೆಕ್ಸ್ ಯಂತ್ರದಲ್ಲಿ ಆರಿಸಿದ ಬೀಜ ಎಂದು ಹೇಳುವ ಅಂಗಡಿಗಳಿವೆ. ಆರಿಸಿದ ಬೀಜಕ್ಕೆ ಬೆಲೆ ಹೆಚ್ಚು, ಎಣ್ಣೆಗೂ ಹೆಚ್ಚು. ಆ ಹೆಚ್ಚುವರಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಅದು ಸಾರ್ಥಕ. ಬಾಟಲಿ ಗಾಜಿನದು, ಮುಚ್ಚಳ ಬಿದಿರಿನದು ಎಂಬ ಕಾರಣಕ್ಕೆ ಕೊಟ್ಟ ಐವತ್ತು ರೂಪಾಯಿ ದಂಡ.

ಸ್ವಂತ ಬೀಜ ಒಯ್ದು ಆಡಿಸುವುದು ಇದಕ್ಕಿಂತ ಒಳ್ಳೆಯ ದಾರಿ, ಬಹಳಷ್ಟು ಅಂಗಡಿಗಳು ಮಾಡಿಕೊಡುತ್ತವೆ. ಕಿಲೋ ಬೀಜಕ್ಕೆ ಇಷ್ಟು ಎಂದು ಕೂಲಿ. ಗಾಣ ಸರಿಯಾಗಿ ಹಿಡಿಯಲು ಕನಿಷ್ಠ ಹತ್ತು ಕಿಲೋ ಬೇಕು, ಐದು ಕಿಲೋ ಒಯ್ದರೆ ಗುಂಡಿಯ ಗೋಡೆಗೇ ಎಣ್ಣೆ ಖರ್ಚಾಗುತ್ತದೆ. ಎರಡು ಮನೆಯವರು ಸೇರಿ ಒಯ್ಯುವುದು ಜಾಣತನ. ಸಿಪ್ಪೆ ಸಮೇತ ಕಾಯಿ ತಂದರೆ 10 ಕಿಲೋಗೆ ಬೀಜ ಸಿಗುವುದು ಸುಮಾರು 7 ಕಿಲೋ, ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಬೀಜವನ್ನು ಮೊರದಲ್ಲಿ ಕೇರಿ, ತಟ್ಟೆಗೆ ಹರಡಿ ಕೈಯಿಂದ ಆರಿಸಿ. 10 ಕಿಲೋ ಆರಿಸಲು ಇಬ್ಬರಿಗೆ ಒಂದೂವರೆ ಗಂಟೆ ಹಿಡಿಯುತ್ತದೆ, ಸೀರಿಯಲ್ ನೋಡುತ್ತಾ ಮಾಡುವ ಕೆಲಸವಲ್ಲ. ಆಮೇಲೆ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಒಂದು ಬಿಸಿಲು ಕೊಡಿ. ಹೆಚ್ಚು ಬೇಡ. ಮೂರು ನಾಲ್ಕು ದಿನ ಸುಡುಬಿಸಿಲಲ್ಲಿ ಬಿಟ್ಟರೆ ಬೀಜ ಗರಿಗರಿಯಾಗಿ ಗಾಣದಲ್ಲಿ ಪುಡಿಯಾಗೇ ತಿರುಗುತ್ತದೆ, ಮುದ್ದೆ ಕಟ್ಟುವುದಿಲ್ಲ. ಆಗ ಆಡಿಸುವವರು ನೀರು ಜಾಸ್ತಿ ಹಾಕುತ್ತಾರೆ, ಎಣ್ಣೆ ಕೆಡುತ್ತದೆ.

ನೀರಿನ ವಿಷಯ ಗ್ರಾಹಕರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಾದಾಗ ಹೌಹಾರುತ್ತಾರೆ. ‘ಎಣ್ಣೆಗೆ ನೀರು ಹಾಕ್ತಿದ್ದಾರೆ!’ ಹಾಕಲೇಬೇಕು. ಪುಡಿಯಾದ ಬೀಜ ನೀರು ಹೀರಿಕೊಂಡು ಎಣ್ಣೆಯನ್ನು ಹೊರಗೆ ತಳ್ಳುತ್ತದೆ, ಅದೇ ಗಾಣದ ಗುಟ್ಟು. 10 ಕಿಲೋ ಕಡಲೆಬೀಜಕ್ಕೆ ಕಾಲು ಲೀಟರಿನ ಆಸುಪಾಸು ಸಾಕು, ಅದೂ ಎರಡು ಮೂರು ಕಂತಿನಲ್ಲಿ. ಎಳ್ಳಿಗೆ ನೀರಿನ ಜೊತೆ ತುಸು ಬೆಲ್ಲವನ್ನೂ ಹಾಕುವ ರೂಢಿಯಿದೆ. ಬೆಲ್ಲದ ಅಂಟಿಗೆ ಹಿಂಡಿ ಗಟ್ಟಿ ಕಟ್ಟಿ ಎಣ್ಣೆ ಬೇಗ ಬೇರೆಯಾಗುತ್ತದೆ. ಕಲಬೆರಕೆ ಎಂದು ಅದಕ್ಕೂ ಜಗಳ ಮಾಡಬೇಡಿ. ತೊಂದರೆ ಇರುವುದು ಅಳತೆ ತಪ್ಪಿದಾಗ. ನೀರು ಹೆಚ್ಚಾದರೆ ಎಣ್ಣೆ ಮಜ್ಜಿಗೆಯಂತೆ ಮಬ್ಬಾಗಿ ಇಳಿಯುತ್ತದೆ, ವಾರಗಟ್ಟಲೆ ಇಟ್ಟರೂ ತಿಳಿಯಾಗುವುದಿಲ್ಲ, ಬಾಣಲೆಗೆ ಬಿದ್ದರೆ ಚಟಪಟ ಸಿಡಿಯುತ್ತದೆ, ಎರಡು ತಿಂಗಳೊಳಗೆ ಕಮಟು ವಾಸನೆ. ಕಡಿಮೆಯಾದರೆ ಎಣ್ಣೆ ಬಿಡದೆ ಗಾಣ ಸುತ್ತಿದ್ದೇ ಸುತ್ತಿದ್ದು, ತಿಕ್ಕಾಟಕ್ಕೆ ಬಿಸಿ ಏರುತ್ತದೆ.

ಗಾಣದಿಂದ ಇಳಿದ ಎಣ್ಣೆಯನ್ನು ಅದೇ ದಿನ ತಿಳಿ ಮಾಡದೆ ಬಾಟಲಿಗೆ ತುಂಬಿ ಕೊಟ್ಟರೆ ಒಪ್ಪಬೇಡಿ. ಸ್ಟೀಲಿನ ಅಗಲ ಪಾತ್ರೆಯಲ್ಲಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೂರು ದಿನ ಅಲುಗಾಡಿಸದೆ ಇಡಬೇಕು. ತಳದಲ್ಲಿ ಬೆರಳು ದಪ್ಪ ಗಸಿ ಕೂರುತ್ತದೆ. ಮೇಲಿನ ತಿಳಿ ಎಣ್ಣೆಯನ್ನಷ್ಟೇ ಬಗ್ಗಿಸಿ ಹತ್ತಿ ಬಟ್ಟೆಯಲ್ಲಿ ಸೋಸಬೇಕು. ಕೆಲವರು ಫಿಲ್ಟರ್ ಪ್ರೆಸ್ ಇಟ್ಟುಕೊಂಡು ಅದೇ ದಿನ ತಿಳಿ ಮಾಡಿ ಕೊಡುತ್ತಾರೆ. ತಪ್ಪಿಲ್ಲ, ರುಚಿಯೂ ಹೋಗುವುದಿಲ್ಲ. ಬಾಟಲಿಯ ತಳದಲ್ಲಿ ಒಂದು ಎಳೆಯಷ್ಟು ಗಸಿ ಇರುವುದು ಗಾಣದೆಣ್ಣೆಗೆ ಸಹಜ, ಕಾಲು ಇಂಚು ಇದ್ದರೆ ಅದು ಅಂಗಡಿಯವರ ಅವಸರ.

ಸ್ವಂತ ಬೀಜ ಆಡಿಸುವವರು ಕೇಳಬೇಕಾದ ಪ್ರಶ್ನೆ, ನನ್ನ ಬೀಜಕ್ಕಿಂತ ಮೊದಲು ಗಾಣದಲ್ಲಿ ಏನಿತ್ತು? ಮರವನ್ನು ಸೋಪು ನೀರಿನಲ್ಲಿ ತೊಳೆಯಲಾಗುವುದಿಲ್ಲ. ಹಿಂದಿನ ಎಣ್ಣೆಯನ್ನು ಕುಡಿದುಕೊಂಡೇ ಇರುತ್ತದೆ. ಎಳ್ಳು ಆಡಿಸಿದ ಮೇಲೆ ಕೊಬ್ಬರಿ ಹಾಕಿದರೆ ಮೊದಲ ಒಂದು ಲೀಟರಿಗೆ ಎಳ್ಳಿನ ವಾಸನೆ. ಎರಡು ಮೂರು ದಿನ ಗಾಣ ಸುಮ್ಮನೆ ನಿಂತಿದ್ದರೆ ಮರದೊಳಗಿನ ಎಣ್ಣೆ ಗಾಳಿಗೆ ಕಮಟಾಗಿರುತ್ತದೆ, ಹಬ್ಬದ ರಜೆ ಮುಗಿದ ಮಾರನೇ ದಿನ ಮೊದಲ ಗಾಣ ನಿಮ್ಮದಾಗದಿರಲಿ. ಕೆಲಸ ಗೊತ್ತಿರುವವರು ಸ್ವಲ್ಪ ಹಳೇ ಹಿಂಡಿ ಹಾಕಿ ಒಂದು ಸುತ್ತು ತಿರುಗಿಸಿ ಕೆರೆದು ತೆಗೆಯುತ್ತಾರೆ. ಕಡಲೆಕಾಯಿಗೆ, ಕೊಬ್ಬರಿಗೆ ಬೇರೆ ಬೇರೆ ಗಾಣ ಇಟ್ಟಿರುವ ಅಂಗಡಿ ಕಂಡರೆ ಅಂಥವರಿಗೆ ಒಂದು ಅಂಕ ಜಾಸ್ತಿ ಕೊಡಬಹುದು.

ಬೆಲೆಯ ಲೆಕ್ಕವನ್ನು ನೀವೇ ಹಾಕಬಹುದು. ಒಳ್ಳೇ ಕಡಲೆಬೀಜದಲ್ಲಿ ನೂರಕ್ಕೆ 45ರಿಂದ 50 ಪಾಲು ಎಣ್ಣೆ. ಹಿಂಡಿಯಲ್ಲಿ ಉಳಿದದ್ದು ಕಳೆದು 10 ಕಿಲೋಗೆ ನಾಲ್ಕು ಕಿಲೋ ಎಣ್ಣೆ, ಅಂದರೆ 4.4 ಲೀಟರ್. ಬೀಜ ಕಿಲೋಗೆ 130 ರೂಪಾಯಿ ಇದೆ ಎಂದುಕೊಳ್ಳಿ, 1300 ರೂಪಾಯಿ. ಆರು ಕಿಲೋ ಹಿಂಡಿ ಕಿಲೋಗೆ 40ರಂತೆ ಮಾರಿದರೆ 240 ವಾಪಸು. ಉಳಿದ 1060ನ್ನು 4.4 ಲೀಟರಿಗೆ ಹಂಚಿದರೆ ಲೀಟರಿಗೆ 240. ಇದಿನ್ನೂ ಬರೀ ಬೀಜದ ಖರ್ಚು. ಕರೆಂಟು, ಬಾಡಿಗೆ, ಕೂಲಿ, ಬಾಟಲಿ ಸೇರಿಲ್ಲ. ಇದೇ ದರದ ದಿನ ಯಾರಾದರೂ ಲೀಟರಿಗೆ 190ಕ್ಕೆ ‘ಅಪ್ಪಟ ಗಾಣದೆಣ್ಣೆ’ ಕೊಟ್ಟರೆ ಒಂದೋ ಬೀಜ ಎರಡನೇ ದರ್ಜೆ, ಇಲ್ಲವೇ ಪಾಮೋಲಿನ್ (ತಾಳೆ ಎಣ್ಣೆ) ಬೆರೆತಿದೆ, ಇಲ್ಲವೇ ಎಕ್ಸ್‌ಪೆಲ್ಲರ್ ಎಣ್ಣೆಗೆ ಗಾಣದ ಚೀಟಿ ಅಂಟಿದೆ. ಹಾಗೆಯೇ ಹತ್ತು ಕಿಲೋಗೆ ಐದು ಲೀಟರ್ ತೆಗೆದುಕೊಡುತ್ತೇವೆ ಎನ್ನುವವರ ಮಾತು ಮರದ ಗಾಣಕ್ಕೆ ನಿಲುಕುವುದಲ್ಲ.

ಲೀಟರ್ ಮತ್ತು ಕಿಲೋ ಒಂದೇ ಅಲ್ಲ ಎನ್ನುವುದು ಮರೆಯಬೇಡಿ. ಒಂದು ಲೀಟರ್ ಕಡಲೆಕಾಯಿ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಐದು ಲೀಟರ್ ಕ್ಯಾನಿನಲ್ಲಿ ಎಣ್ಣೆ 4.55 ಕಿಲೋ. ಒಂದು ಅಂಗಡಿಯಲ್ಲಿ ಕಿಲೋಗೆ 300, ಪಕ್ಕದಲ್ಲಿ ಲೀಟರಿಗೆ 280 ಎಂದರೆ ಅಗ್ಗ ಯಾವುದು? ಲೀಟರಿಗೆ 280 ಎಂದರೆ ಕಿಲೋಗೆ 308. ಮೊದಲಿನದೇ ಅಗ್ಗ.

ಎಣ್ಣೆಗಳ ಪೈಕಿ ಗಾಣಕ್ಕೆ ಹೇಳಿ ಮಾಡಿಸಿದ್ದು ಕಡಲೆಕಾಯಿ. ಚಳ್ಳಕೆರೆ, ಪಾವಗಡದ ಕಡೆಯ ಸಣ್ಣ ಬೀಜಕ್ಕೆ ಎಣ್ಣೆಯೂ ಹೆಚ್ಚು, ಘಮವೂ ಹೆಚ್ಚು. ದಪ್ಪ ಬೋಲ್ಡ್ ಬೀಜ ನೋಡಲು ಚೆಂದ, ಹುರಿದು ತಿನ್ನಲು ಸರಿ. ಎಳ್ಳೆಣ್ಣೆ ಬಹಳ ದಿನ ಕೆಡುವುದಿಲ್ಲ, ಅದರಲ್ಲೇ ಇರುವ ಸೆಸಮಾಲ್ ಮುಂತಾದವು ಕಮಟಾಗದಂತೆ ಕಾಯುತ್ತವೆ. ಉಪ್ಪಿನಕಾಯಿ ಭರಣಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಕುಸುಬೆ ಎಣ್ಣೆ ಉತ್ತರ ಕರ್ನಾಟಕದ ಊಟದ ಎಣ್ಣೆ. ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಮೇಲೆ ಹಸಿ ಕುಸುಬಿ ಎಣ್ಣೆ ಒಂದು ಚಮಚ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದರಲ್ಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಗಾಳಿಗೂ ಕಾವಿಗೂ ಬೇಗ ಕೆಡುವ ಜಾತಿ. 10 ಕಿಲೋ ಕುಸುಬೆಗೆ ಎರಡೂವರೆ ಲೀಟರ್ ಬಂದರೆ ಹೆಚ್ಚು, ಆದ್ದರಿಂದ ಬೆಲೆಯೂ ಜಾಸ್ತಿ. ಕರಿಯಲು ಬಳಸಿದರೆ ದುಡ್ಡೂ ಹೋಯಿತು, ಎಣ್ಣೆಯೂ ಹೋಯಿತು.

ಕೊಬ್ಬರಿ ಎಣ್ಣೆಯ ಹತ್ತಿರ ಬಂದರೆ ತಿಪಟೂರಿನ ಹೆಸರು ಹೇಳದ ಅಂಗಡಿಯಿಲ್ಲ. ತಿಪಟೂರಿನ ಖ್ಯಾತಿ ಉಂಡೆ ಕೊಬ್ಬರಿಗೆ. ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಕಾಯುವ ಕೊಬ್ಬರಿ ಅದು. ತಿನ್ನುವ ದರ್ಜೆಯ ಮಾಲು, ಬೆಲೆ ಮೇಲು. ಅದನ್ನೇ ಗಾಣಕ್ಕೆ ಹಾಕಿದ್ದೇವೆ ಎಂದು ಸಾಧಾರಣ ಬೆಲೆಗೆ ಮಾರುವುದು ಕಷ್ಟದ ಮಾತು. ಸಾಮಾನ್ಯವಾಗಿ ಗಾಣಕ್ಕೆ ಬೀಳುವುದು ಹೋಳು ಮಾಡಿ ಬಿಸಿಲಲ್ಲಿ ಒಣಗಿಸಿದ ಕೊಬ್ಬರಿ. ಅದೂ ಒಳ್ಳೆಯದೇ, ಗಂಧಕದ ಹೊಗೆ ಹಾಕಿ ಬೆಳ್ಳಗೆ ಮಾಡಿರದಿದ್ದರೆ. ಸುಣ್ಣ ಬಳಿದಂತೆ ಬಿಳುಪಾಗಿದ್ದು ಮೂಗಿಗೆ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಅದು ಗಂಧಕ. ಮನೆಗೆ ತಂದ ಎಣ್ಣೆಗೆ ಒಂದು ಸುಲಭ ಪರೀಕ್ಷೆ ಇದೆ: 24 ಡಿಗ್ರಿಗಿಂತ ತಂಪಾದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಬೇಕು. ಪುಷ್ಯ ಮಾಸದ ಬೆಂಗಳೂರಿನ ಬೆಳಗಿನಲ್ಲೂ ನೀರಿನಂತೆ ಹರಿದರೆ ಬೇರೇನೋ ಬೆರೆತಿದೆ. ಇದೇ ತಂಪಿನ ಪರೀಕ್ಷೆಯನ್ನು ಕಡಲೆಕಾಯಿ ಎಣ್ಣೆಗೆ ಫ್ರಿಜ್ಜಿನಲ್ಲಿ ಮಾಡಿ ಗಾಬರಿಯಾಗಬೇಡಿ. ಅಪ್ಪಟ ಕಡಲೆಕಾಯಿ ಎಣ್ಣೆಯೂ ಫ್ರಿಜ್ಜಿನಲ್ಲಿ ಮಂದವಾಗುತ್ತದೆ, ಪಾಮೋಲಿನ್ ಬೆರೆತದ್ದೂ ಆಗುತ್ತದೆ. ವಾಟ್ಸಾಪಿನಲ್ಲಿ ಓಡಾಡುವ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಸೂರ್ಯಕಾಂತಿಯನ್ನು ಸಿಪ್ಪೆ ಸಮೇತ ಹಿಂಡಿದರೆ ಸಿಪ್ಪೆಯ ಮೇಣವೂ ಎಣ್ಣೆಗೆ ಬಂದು ಮಬ್ಬಾಗುತ್ತದೆ. ಆ ಎಣ್ಣೆ ರಿಫೈನರಿಯಲ್ಲೇ ಚೆನ್ನ.

ಅಡುಗೆಮನೆಗೆ ಬಂದ ಮೇಲೆ ಹೆಚ್ಚಿನ ದೂರು ನೊರೆಯದು. ಗಾಣದೆಣ್ಣೆಯಲ್ಲಿ ಬೋಂಡ ಬಿಟ್ಟೊಡನೆ ನೊರೆ ಉಕ್ಕುತ್ತದೆ, ಬಾಣಲೆ ತುಂಬಿದ್ದರೆ ಒಲೆಯ ಮೇಲೂ ಹರಿಯುತ್ತದೆ. ಎಣ್ಣೆಯಲ್ಲಿ ಉಳಿದ ಅಂಟಿನಂಶ ಮತ್ತು ನೀರಿನಂಶ ಇದಕ್ಕೆ ಕಾರಣ. ಬಾಣಲೆಯ ಅರ್ಧಕ್ಕಿಂತ ಕಡಿಮೆ ಎಣ್ಣೆ ಹಾಕಿ. ಮೊದಲು ಸಣ್ಣ ಉರಿಯಲ್ಲಿ ಐದು ನಿಮಿಷ ಕಾಯಿಸಿದರೆ ನೀರಿನಂಶ ಹೋಗಿ ನೊರೆ ತಗ್ಗುತ್ತದೆ. ಇನ್ನೊಂದು ಹೊಗೆ. ರಿಫೈನ್ಡ್ ಕಡಲೆಕಾಯಿ ಎಣ್ಣೆ 230 ಡಿಗ್ರಿಯ ತನಕ ಹೊಗೆಯಾಡುವುದಿಲ್ಲ, ಗಾಣದ್ದು ಅದಕ್ಕೆ ಬಹಳ ಮೊದಲೇ ಆಡುತ್ತದೆ. ಕರಿಯಲು ಬೇಕಾದ್ದು 170-180. ಹಾಗಾಗಿ ಉರಿ ನೋಡಿಕೊಂಡರೆ ಒಂದು ಸಲ ಪೂರಿ, ವಡೆ ಕರಿಯಲು ಅಡ್ಡಿಯಿಲ್ಲ. ಗಸಿ ಸಮೇತ ಸುರಿದರೆ ಅದು ತಳದಲ್ಲಿ ಸೀದು ಎಣ್ಣೆಯೆಲ್ಲ ಕಪ್ಪು. ಕರಿದು ಉಳಿದದ್ದನ್ನು ಸೋಸಿ ಎರಡು ಮೂರು ದಿನದೊಳಗೆ ಪಲ್ಯಕ್ಕೆ, ಒಗ್ಗರಣೆಗೆ ಮುಗಿಸಿ, ಮತ್ತೆ ಕರಿಯಲು ಇಡಬೇಡಿ. ದೀಪಾವಳಿಗೆ ಕೊಡಗಟ್ಟಲೆ ಚಕ್ಕುಲಿ ಕರಿಯುವ ಮನೆಗಳು ಆ ಕೆಲಸಕ್ಕೆ ರಿಫೈನ್ಡ್ ತರುವುದೇ ಮೇಲು. ಗಾಣದೆಣ್ಣೆಯ ಘಮ ಕೊನೆಗೆ ಹಾಕುವ ಒಗ್ಗರಣೆ, ಚಟ್ನಿಪುಡಿ, ಗೊಜ್ಜು, ಚಿತ್ರಾನ್ನ, ದೋಸೆಯಂಥವಕ್ಕೆ. ಹುಳಿಯನ್ನದ ಗೊಜ್ಜಿಗಂತೂ ಬೇರೆ ಎಣ್ಣೆ ಹಾಕಿದರೆ ರುಚಿಯೇ ಬಾರದು.

ಆರೋಗ್ಯದ ಬೋರ್ಡುಗಳನ್ನು ಓದುವಾಗ ಸ್ವಲ್ಪ ನಗು ಇಟ್ಟುಕೊಳ್ಳಿ. ‘ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ’: ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ‘ಮಂಡಿನೋವು ಮಾಯ, ಸಕ್ಕರೆ ಕಾಯಿಲೆ ಹತೋಟಿ’: ಗಾಣದ ಎಣ್ಣೆಗೂ ಪ್ಯಾಕೆಟ್ ಎಣ್ಣೆಗೂ ಗ್ರಾಮಿಗೆ ಅದೇ 9 ಕ್ಯಾಲೊರಿ. ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ನೂರಕ್ಕೆ 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಗಾಣದಲ್ಲಿ ತೆಗೆದ ಮಾತ್ರಕ್ಕೆ ಅದು ಕರಗುವುದಿಲ್ಲ. ವಿಟಮಿನ್ ಇ, ಘಮ, ರುಚಿ ಹೆಚ್ಚು ಉಳಿಯುತ್ತವೆ ಎನ್ನುವುದಷ್ಟು ನಿಜ. ಇತ್ತ ರಿಫೈನ್ಡ್ ಎಣ್ಣೆ ವಿಷ ಎನ್ನುವುದೂ ಸುಳ್ಳು. ಬೀಜದಿಂದ ಎಣ್ಣೆ ತೆಗೆಯಲು ಬಳಸುವ ಹೆಕ್ಸೇನ್ ಎಂಬ ದ್ರಾವಕ ಕಿಲೋಗೆ 5 ಮಿಲಿಗ್ರಾಂ ಮೀರಿ ಉಳಿಯಬಾರದು ಎಂಬ ನಿಯಮವಿದೆ. +ಎಫ್ ಗುರುತಿನ ಪ್ಯಾಕೆಟ್ಟಿಗೆ ಎ ಮತ್ತು ಡಿ ವಿಟಮಿನ್ ಸೇರಿಸಿರುತ್ತಾರೆ, ಗಾಣದೆಣ್ಣೆಗೆ ಅದಿಲ್ಲ. ಪೂರ್ತಿ ಗಾಣಕ್ಕೆ ಬದಲಾಗುವ ಮನೆಗಳು ಮಕ್ಕಳಿಗೆ ಸೊಪ್ಪು, ಪಪ್ಪಾಯಿ, ಮೊಟ್ಟೆ, ಬಿಸಿಲು ತಪ್ಪಿಸಬಾರದು.

ಕಡಲೆಕಾಯಿ ಅಲರ್ಜಿ ಇರುವವರಿದ್ದರೆ ಗಾಣದ ಕಡಲೆಕಾಯಿ ಎಣ್ಣೆ ಮನೆಯೊಳಗೇ ಬೇಡ. ರಿಫೈನ್ಡ್ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಗಾಣದ್ದರಲ್ಲಿ ಉಳಿದಿರುತ್ತದೆ. ಈ ಎಚ್ಚರಿಕೆಯನ್ನು ಬೋರ್ಡಿನ ಮೇಲೆ ಬರೆಯುವವರು ಕಡಿಮೆ.

ಎಲ್ಲಕ್ಕಿಂತ ಮುಖ್ಯ ಅಳತೆ. ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2010ರಲ್ಲಿ ಕೊಟ್ಟ ಲೆಕ್ಕ, ತುಪ್ಪ ಬೆಣ್ಣೆಯೂ ಸೇರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಆದೀತು. ‘ಗಾಣದ್ದು, ಏನೂ ಆಗಲ್ಲ’ ಎಂದು ಕೈ ಬಿಟ್ಟು ಸುರಿದು ಐದು ಲೀಟರ್ ಖಾಲಿ ಮಾಡಿದರೆ ಯಾವ ಮರದ ಗಾಣವಾದರೂ ಒಂದೇ.

ಬಾಟಲಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತೆಗೆದ ದಿನಾಂಕ, ನಿವ್ವಳ ತೂಕ ಇರಬೇಕು. ಖಾಲಿ ಕ್ಯಾನ್ ತಂದರೆ ಡ್ರಮ್ಮಿನಿಂದ ಹೊಯ್ದು ಕೊಡುವ ಪದ್ಧತಿ ಪ್ಲಾಸ್ಟಿಕ್ ಉಳಿಸುತ್ತದೆ ಎಂದು ಜನಪ್ರಿಯ. ಆದರೆ ಬಿಡಿ ಎಣ್ಣೆ ಮಾರಾಟಕ್ಕೆ 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ನಿರ್ಬಂಧವಿದೆ, ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಲ್ಲಿ ಮಾತ್ರ ನಡೆಯುತ್ತದೆ. ನಿಮ್ಮ ಬೀಜವನ್ನೇ ಆಡಿಸಿಕೊಂಡು ಬಂದರೆ ಅದು ಬೇರೆ ಮಾತು.

ಮಿಕ್ಸಿಯಷ್ಟೇ ದೊಡ್ಡದಾದ ಮನೆ ಗಾಣದ ಯಂತ್ರಗಳೂ ಸಿಗುತ್ತವೆ. ಹೆಸರಿಗೆ ಗಾಣ, ಹೆಚ್ಚಿನವುಗಳ ಒಳಗಿರುವುದು ಸ್ಟೀಲಿನ ಸ್ಕ್ರೂ ಮತ್ತು ಅದಕ್ಕೆ ಸುತ್ತಿದ ಹೀಟರ್. ಬೀಜ ಬಿಸಿಯಾಗದೆ ಎಣ್ಣೆ ಸರಿಯಾಗಿ ಬಿಡುವುದಿಲ್ಲ. ಕೋಲ್ಡ್ ಪ್ರೆಸ್ ಎಂದು ಕೊಂಡವರಿಗೆ ಸಿಗುವುದು ಬಿಸಿ ಎಕ್ಸ್‌ಪೆಲ್ಲರ್ ಎಣ್ಣೆ. ಆರಿಸಿದ ಬೀಜ ಹಾಕಿದರೆ ಎಣ್ಣೆ ಕೆಟ್ಟದ್ದೇನಲ್ಲ, ಆದರೆ ಅರ್ಧ ಲೀಟರಿಗೆ ಒಂದು ಕಿಲೋಗಿಂತ ಹೆಚ್ಚು ಬೀಜ, ಆಮೇಲೆ ಸ್ಕ್ರೂ ಬಿಚ್ಚಿ ಅಂಟಿದ ಹಿಂಡಿ ಕೆರೆಯುವ ಕೆಲಸ. ಹೆಚ್ಚಿನ ಮನೆಗಳಲ್ಲಿ ಅದು ಹಬೆ ಇಡ್ಲಿ ಪಾತ್ರೆಯ ಹಿಂದೆ ಸೇರುತ್ತದೆ.

ಇಡುವುದು ಹೇಗೆ? ಕಡಲೆಕಾಯಿ ಎಣ್ಣೆ ಮೂರು ನಾಲ್ಕು ತಿಂಗಳು, ಕುಸುಬೆ ಎರಡು, ಕೊಬ್ಬರಿ ಆರು, ಎಳ್ಳು ಅದಕ್ಕೂ ಹೆಚ್ಚು. ಒಲೆಯ ಪಕ್ಕ, ಕಿಟಕಿಯ ಬಿಸಿಲಿಗೆ ಇಡಬಾರದು. ಹಿತ್ತಾಳೆ, ತಾಮ್ರ ತಾಗಿದರೆ ಎಣ್ಣೆ ಬೇಗ ಕಮಟಾಗುತ್ತದೆ. ಸ್ಟೀಲು ಅಥವಾ ಬಣ್ಣದ ಗಾಜು ಸರಿ. ದಿನಬಳಕೆಗೆ ಅರ್ಧ ಲೀಟರಿನ ಸಣ್ಣ ಡಬ್ಬಿ, ಉಳಿದದ್ದು ಬಾಯಿವರೆಗೆ ತುಂಬಿ ಕತ್ತಲೆ ಮೂಲೆಯಲ್ಲಿ. ಸಣ್ಣ ಡಬ್ಬಿಯಲ್ಲಿ ಹಳೆಯದು ಇರುವಾಗ ಹೊಸದನ್ನು ಸುರಿಯಬೇಡಿ, ಖಾಲಿ ಮಾಡಿ ತೊಳೆದು ತೇವವಿಲ್ಲದಂತೆ ಒಣಗಿಸಿ ತುಂಬಿ. ಅಂಗೈಗೆ ಒಂದು ಹನಿ ಹಾಕಿ ಉಜ್ಜಿ ಮೂಸಿದರೆ ಸಾಕು, ಹಳೇ ಬಣ್ಣದ ಡಬ್ಬಿಯ ವಾಸನೆ ಬಂದರೆ ಅಡುಗೆಗೆ ಬೇಡ. ತಳದ ಗಸಿ ತಾಜಾ ಇದ್ದಾಗ ಹುರಿಗಡಲೆ ಚಟ್ನಿಪುಡಿಗೆ ಕಲಸಿಕೊಂಡರೆ ರುಚಿ. ವಾಸನೆ ತಿರುಗಿದ್ದರೆ ದೇವರ ದೀಪಕ್ಕೆ.